ಆ ಕಾಲೇಜಿನಲ್ಲಿ ಮಂಗಳವಾರ ಹೇಗಿರುತ್ತದೆ?

ಅಮೆರಿಕದಲ್ಲಿ ಪದವಿ ಓದಬೇಕೆಂಬ ಆಸೆ ಈಗ ಬೆಂಗಳೂರಿನ ಮನೆಗಳಲ್ಲಿ ಮಾತ್ರ ಇಲ್ಲ. ದಾವಣಗೆರೆಯಲ್ಲೂ ಇದೆ, ಶಿರಸಿಯಲ್ಲೂ ಇದೆ. ಪಿಯುಸಿ ಓದುತ್ತಿರುವ ಮಗಳನ್ನೋ ಮಗನನ್ನೋ ಕರೆದುಕೊಂಡು ನನ್ನ ಬಳಿ ಬರುವ ತಂದೆತಾಯಿಗಳು ಮೊದಲು ಕೇಳುವುದು ಒಂದೇ ಮಾತು. "ಸರ್, ಈ ಕಾಲೇಜಿಗೆ ಎಷ್ಟನೇ ರ‍್ಯಾಂಕು?"

ನಾನು ಅವರನ್ನು ತಿರುಗಿ ಕೇಳುವುದೂ ಒಂದೇ ಮಾತು. "ಆ ಕಾಲೇಜಿನಲ್ಲಿ ಮಂಗಳವಾರ ಹೇಗಿರುತ್ತದೆ?" ಘಟಿಕೋತ್ಸವದ ದಿನ ಬೇಡ. ಫೋಟೊ ತೆಗೆಸಿಕೊಂಡ ದಿನವೂ ಬೇಡ. ಸೆಮಿಸ್ಟರಿನ ನಡುವೆ ಬರುವ ಒಂದು ಮಾಮೂಲಿ ಮಂಗಳವಾರ ಸಾಕು. ಬೆಳಿಗ್ಗೆ ತರಗತಿಯಲ್ಲಿ ಎಷ್ಟು ಜನ? ಅಲ್ಲಿ ಮಾತಾಡುವವರು ಯಾರು? ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಕೂರುತ್ತಾರೆ? ರಾತ್ರಿ ಏನು ಓದಿ, ಏನು ಬರೆದು ಮಲಗಬೇಕು? ಅಮೆರಿಕದ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ನಿಮ್ಮ ಮಗುವಿಗೆ ಹೊಂದುವುದು ಯಾವುದು ಎಂದು ತಿಳಿಯುವ ದಾರಿ ಈ ಪ್ರಶ್ನೆಗಳಲ್ಲೇ ಇದೆ.

ಮೊದಲು, ಈ ಕಾಲೇಜುಗಳು ಎಂಥವು ಎಂದು ಹೇಳುತ್ತೇನೆ.

ಒಂದು ಕಾಲೇಜಿನಲ್ಲಿ ಸುಮಾರು 1,500ರಿಂದ 2,500 ವಿದ್ಯಾರ್ಥಿಗಳು. ಅಂದರೆ, ನಮ್ಮ ನಗರಗಳ ಒಂದು ದೊಡ್ಡ ಪಿಯು ಕಾಲೇಜಿಗಿಂತಲೂ ಕಡಿಮೆ ಮಕ್ಕಳು. ಹೆಚ್ಚಿನ ಕಡೆ ಪದವಿ ತರಗತಿಗಳು ಮಾತ್ರ ಇರುತ್ತವೆ. ಪಿಎಚ್‌ಡಿ ವಿದ್ಯಾರ್ಥಿಗಳು ಇರುವುದಿಲ್ಲ. ಹಾಗಾಗಿ ಮೊದಲ ವರ್ಷದ ಮಕ್ಕಳಿಗೂ ಪ್ರಾಧ್ಯಾಪಕರೇ ಪಾಠ ಮಾಡುತ್ತಾರೆ. ಪ್ರಯೋಗಾಲಯದಲ್ಲಿ ಅವರ ಸಂಶೋಧನೆಗೆ ಕೈಜೋಡಿಸುವವರೂ ಪದವಿಯ ಮಕ್ಕಳೇ. ಓದು ನಾಲ್ಕು ವರ್ಷ. ಸೇರುವಾಗಲೇ ನಮ್ಮಲ್ಲಿಯಂತೆ ಕಾಂಬಿನೇಷನ್ ಬರೆದುಕೊಡಬೇಕಾಗಿಲ್ಲ. ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಗೆ ಮುಖ್ಯ ವಿಷಯ ಆರಿಸಿಕೊಂಡರಾಯಿತು. ಗಣಿತದ ಜೊತೆ ಸಂಗೀತ ಓದಬಹುದು. ಜೀವಶಾಸ್ತ್ರದ ಜೊತೆ ಇತಿಹಾಸ ಓದಬಹುದು.

ಇಲ್ಲಿ ವಿಜ್ಞಾನ ಹೇಗೆ ಕಲಿಸುತ್ತಾರೋ ಎಂಬ ಅನುಮಾನ ನಿಮಗಿದ್ದರೆ, ಒಂದು ಕತೆ ಕೇಳಿ. ಅಯೋವಾ ರಾಜ್ಯದ ಜೋಳದ ಹೊಲಗಳ ನಡುವೆ ಗ್ರಿನೆಲ್ ಎಂಬ ಊರಿದೆ. ಜನಸಂಖ್ಯೆ ಸುಮಾರು 9,000. ಅಲ್ಲಿನ ಕಾಲೇಜಿನ ಹೆಸರೂ ಗ್ರಿನೆಲ್. 1947ರ ಕೊನೆಗೆ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜಾನ್ ಬಾರ್ಡೀನ್, ಗ್ರಿನೆಲ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಗ್ರಾಂಟ್ ಗೇಲ್ ಅವರಿಗೆ ಹಳೆಯ ಪರಿಚಯ. ಸುದ್ದಿ ತಿಳಿದ ಗೇಲ್ ಬರೆದು ಕೇಳಿದರು. ಟ್ರಾನ್ಸಿಸ್ಟರ್ ತರಿಸಿಕೊಂಡರು. ಜಗತ್ತಿನ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಇನ್ನೂ ಅದನ್ನು ಪಾಠಕ್ಕೆ ತರದಿದ್ದಾಗ, ಈ ಹಳ್ಳಿಗಾಡಿನ ಕಾಲೇಜಿನ ಹುಡುಗರು ಅದರ ಬಗ್ಗೆ ಕಲಿತರು. ಅವರಲ್ಲಿ ಒಬ್ಬ ರಾಬರ್ಟ್ ನಾಯ್ಸ್. 1949ರಲ್ಲಿ ಪದವಿ ಪಡೆದು ಹೊರಟ ಆ ಹುಡುಗ ಮುಂದೆ ಸಿಲಿಕಾನ್ ಚಿಪ್ಪನ್ನು ರೂಪಿಸಿದವರಲ್ಲಿ ಒಬ್ಬನಾದ. 1968ರಲ್ಲಿ ಇಂಟೆಲ್ ಕಂಪನಿ ಕಟ್ಟಿದವರಲ್ಲೂ ಒಬ್ಬನಾದ. ಇದೇ ಗ್ರಿನೆಲ್‌ನಲ್ಲಿ ಓದಿದ ಥಾಮಸ್ ಚೆಕ್ ಅವರಿಗೆ 1989ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಕ್ಯಾಲಿಫೋರ್ನಿಯಾದ ಪೊಮೋನಾ ಎಂಬ ಚಿಕ್ಕ ಕಾಲೇಜಿನಲ್ಲಿ ಓದಿದ ಜೆನ್ನಿಫರ್ ಡೌಡ್ನಾ ಅವರಿಗೆ 2020ರಲ್ಲಿ ಬಂತು.

ನನಗೆ ಈ ಕತೆಯಲ್ಲಿ ನೊಬೆಲ್‌ಗಿಂತ ಗೇಲ್ ಮೇಷ್ಟ್ರು ಮುಖ್ಯ. ಒಬ್ಬ ಅಧ್ಯಾಪಕ, ಎದುರಿಗೆ ಬೆರಳೆಣಿಕೆಯ ವಿದ್ಯಾರ್ಥಿಗಳು, ಮೇಜಿನ ಮೇಲೆ ಹೊಸ ವಸ್ತು. ಅಲ್ಲಿನ ಮಾಮೂಲಿ ದಿನ ಹಾಗಿತ್ತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಈ ಕಾಲೇಜುಗಳು ಚಿಕ್ಕವು, ಅಧ್ಯಾಪಕರು ಹತ್ತಿರದಲ್ಲಿರುತ್ತಾರೆ, ವಿಷಯ ಆರಿಸಲು ಸಮಯವಿದೆ. ಈಗ ಮುಂದಿನ ಮಾತು. ಚಿಕ್ಕವು ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಥರ ಅಲ್ಲ. ಎಷ್ಟು ಬೇರೆಬೇರೆ ಎಂದರೆ, ಒಂದರಲ್ಲಿ ಅರಳುವ ಹುಡುಗಿ ಇನ್ನೊಂದರಲ್ಲಿ ಉಸಿರುಕಟ್ಟಿ ವಾಪಸು ಬರಬಹುದು. ನಾಲ್ಕು ಕಾಲೇಜುಗಳ ಮಂಗಳವಾರವನ್ನು ನಿಮ್ಮ ಕಿವಿಗೆ ಮುಟ್ಟಿಸಲು ನೋಡುತ್ತೇನೆ.

ಮೊದಲನೆಯದು ಸೇಂಟ್ ಜಾನ್ಸ್ ಕಾಲೇಜು. ಮೇರಿಲ್ಯಾಂಡಿನ ಅನಾಪೊಲಿಸ್‌ನಲ್ಲಿ ಒಂದು ಆವರಣ, ನ್ಯೂ ಮೆಕ್ಸಿಕೊದ ಸಾಂಟಾ ಫೆಯಲ್ಲಿ ಇನ್ನೊಂದು. 1937ರಿಂದ ಅಲ್ಲಿ ಎಲ್ಲರಿಗೂ ಒಂದೇ ಪಠ್ಯಕ್ರಮ. ವಿಭಾಗಗಳಿಲ್ಲ, ಮುಖ್ಯ ವಿಷಯ ಎಂಬುದೂ ಇಲ್ಲ. ರೇಖಾಗಣಿತವನ್ನು ಯೂಕ್ಲಿಡ್‌ನ ಗ್ರಂಥದಿಂದಲೇ ಕಲಿಯಬೇಕು, ಭೌತಶಾಸ್ತ್ರವನ್ನು ನ್ಯೂಟನ್ ಬರೆದದ್ದರಿಂದಲೇ. ಪ್ರಾಚೀನ ಗ್ರೀಕ್ ಭಾಷೆಯನ್ನೂ ಕಲಿಯಬೇಕು. ದೊಡ್ಡ ಮೇಜಿನ ಸುತ್ತ ಸುಮಾರು 20 ಜನ ಕೂತು ಚರ್ಚಿಸುತ್ತಾರೆ. ಸೆಮಿಸ್ಟರಿನ ಕೊನೆಗೆ ಅಧ್ಯಾಪಕರೆಲ್ಲ ಸೇರಿ, ವಿದ್ಯಾರ್ಥಿಯನ್ನು ಎದುರಿಗೇ ಕೂರಿಸಿಕೊಂಡು, ಅವನ ಓದಿನ ಬಗ್ಗೆ ತಮ್ಮತಮ್ಮಲ್ಲೇ ಮಾತಾಡುತ್ತಾರೆ. ಆಮೇಲೆ ಅವನ ಸರದಿ. ಪುಸ್ತಕ ಹಿಡಿದರೆ ಊಟ ಮರೆಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಕಂಪ್ಯೂಟರ್ ಸೈನ್ಸೇ ಬೇಕು ಎನ್ನುವ ಮಗುವನ್ನು ಅಲ್ಲಿಗೆ ಕಳಿಸುವುದು ಅನ್ಯಾಯ.

ಎರಡನೆಯದು ಕೊಲರಾಡೊ ಕಾಲೇಜು. ರಾಕಿ ಪರ್ವತಗಳ ತಪ್ಪಲಿನಲ್ಲಿದೆ. 1970ರಿಂದ ಅಲ್ಲಿ ಒಂದು ಸಲಕ್ಕೆ ಒಂದೇ ವಿಷಯ. ಮೂರೂವರೆ ವಾರ ಬೆಳಗಿನಿಂದ ಅದೊಂದೇ. ಅದು ಮುಗಿದು ನಾಲ್ಕೈದು ದಿನ ಬಿಡುವಾದ ಮೇಲೆ ಮುಂದಿನ ವಿಷಯ. ಭೂವಿಜ್ಞಾನದ ತರಗತಿ ಇಡೀ ವಾರ ಬೆಟ್ಟದಲ್ಲೇ ನಡೆಯಬಹುದು. ಬೇರೆ ತರಗತಿಯ ಗಂಟೆ ಹೊಡೆಯುವ ಗೊಡವೆಯಿಲ್ಲ. ಒಂದನ್ನು ಹಿಡಿದರೆ ಬಿಡದ ಮಕ್ಕಳಿಗೆ ಇದು ಹಬ್ಬ. ಆದರೆ ನಿಧಾನವಾಗಿ ನೆನೆದು ಕಲಿಯುವ ಮಗುವಿಗೆ ಕಷ್ಟ. ಜ್ವರ ಬಂದು ಎರಡು ದಿನ ಮಲಗಿದರೂ ಬೇರೆ ಕಾಲೇಜುಗಳ ಒಂದೂವರೆ ವಾರದ ಪಾಠ ಹೋದಂತೆ.

ಮೂರನೆಯದು ವಿಲಿಯಮ್ಸ್. ಮ್ಯಾಸಚೂಸೆಟ್ಸ್ ರಾಜ್ಯದ ಗುಡ್ಡಗಳ ನಡುವೆ, 1793ರಿಂದ ಇರುವ ಕಾಲೇಜು. ಅಲ್ಲಿ ಟ್ಯುಟೋರಿಯಲ್ ಎಂಬ ತರಗತಿಗಳಿವೆ. ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಪ್ರಾಧ್ಯಾಪಕರು, ಅಷ್ಟೇ. ಈ ವಾರ ಒಬ್ಬಳು ಐದಾರು ಪುಟದ ಪ್ರಬಂಧ ಬರೆದು ತರುತ್ತಾಳೆ. ಇನ್ನೊಬ್ಬ ಅದನ್ನು ವಿಮರ್ಶಿಸುತ್ತಾನೆ. ಮುಂದಿನ ವಾರ ಅದಲುಬದಲು. ಪ್ರಾಧ್ಯಾಪಕರು ಬಹುಪಾಲು ಕೇಳಿಸಿಕೊಳ್ಳುತ್ತಾರೆ. ನಮ್ಮ ಮಕ್ಕಳಿಗೆ ಮಾತು ಕಡಿಮೆ, ಇಂಥ ಕಡೆ ಹೊಂದುವುದಿಲ್ಲ ಎಂದು ಹಲವರು ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹದಿನೈದು ಜನರ ಚರ್ಚೆಯಲ್ಲಿ ಬಾಯಿ ಬಿಡದ ಹುಡುಗಿ ಇಬ್ಬರೇ ಇರುವ ಕೋಣೆಯಲ್ಲಿ, ತಾನು ಬರೆದದ್ದನ್ನು ಕೈಯಲ್ಲಿ ಹಿಡಿದುಕೊಂಡು, ಚೆನ್ನಾಗಿ ಮಾತಾಡುತ್ತಾಳೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೂ ಈ ಮಾತು ಅನ್ವಯಿಸುತ್ತದೆ.

ನಾಲ್ಕನೆಯದು ಕೆಂಟಕಿ ರಾಜ್ಯದ ಬೆರಿಯಾ ಕಾಲೇಜು. ಇದರ ಮೇಲೆ ನನಗೆ ವಿಶೇಷ ಗೌರವ. ಅಮೆರಿಕದಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ಕಾಲದಲ್ಲಿ, 1855ರಲ್ಲಿ, ಜಾನ್ ಫೀ ಎಂಬ ಪಾದ್ರಿ ಗುಲಾಮಗಿರಿ ನಡೆಯುತ್ತಿದ್ದ ರಾಜ್ಯದಲ್ಲೇ ಅದನ್ನು ಆರಂಭಿಸಿದರು. ಅಂತರ್ಯುದ್ಧ ಮುಗಿದ ಮೇಲೆ ಅಲ್ಲಿ ಕರಿಯರೂ ಬಿಳಿಯರೂ ಒಂದೇ ಬೆಂಚಿನಲ್ಲಿ ಕೂತು ಓದಿದರು. 1904ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದು ಅದನ್ನು ಹಲವು ದಶಕ ನಿಲ್ಲಿಸಿತು ಎನ್ನುವುದೂ ಚರಿತ್ರೆಯೇ. ಇಂದಿಗೂ ಅಲ್ಲಿ ಯಾರೂ ಬೋಧನಾ ಶುಲ್ಕ ಕಟ್ಟುವುದಿಲ್ಲ. ಅದಕ್ಕೆ ಪ್ರತಿಯಾಗಿ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನಲ್ಲೇ ದುಡಿಯಬೇಕು. ಒಬ್ಬರು ಗ್ರಂಥಾಲಯದಲ್ಲಿ, ಒಬ್ಬರು ಹೊಲದಲ್ಲಿ, ಒಬ್ಬರು ಮರಗೆಲಸದ ಕೊಟ್ಟಿಗೆಯಲ್ಲಿ. ಹೆಚ್ಚಿನ ಸೀಟುಗಳು ಸುತ್ತಲಿನ ಅಪಲೇಶಿಯ ಗುಡ್ಡಗಾಡಿನ ಬಡ ಮಕ್ಕಳಿಗೆ. ಹೊರದೇಶದವರಿಗೆ ಕೆಲವೇ ಸೀಟು. ಪೊರಕೆ ಹಿಡಿಯುವುದು ಅವಮಾನ ಎಂದುಕೊಂಡ ಮನೆಯವರು ಈ ಕಾಲೇಜಿನ ಕಡೆ ನೋಡಬಾರದು.

ಇನ್ನೂ ಹಲವಿವೆ. ಅಮ್ಹರ್ಸ್ಟ್ ಮತ್ತು ಗ್ರಿನೆಲ್‌ನಲ್ಲಿ ಮೊದಲ ವರ್ಷದ ಒಂದು ತರಗತಿ ಬಿಟ್ಟರೆ ಎಲ್ಲರಿಗೂ ಕಡ್ಡಾಯ ಎಂಬುದೇ ಇಲ್ಲ. ಪೋರ್ಟ್‌ಲ್ಯಾಂಡಿನ ರೀಡ್ ಕಾಲೇಜಿನಲ್ಲಿ ಕೊನೆಯ ವರ್ಷ ಪ್ರತಿಯೊಬ್ಬರೂ ದೊಡ್ಡ ಪ್ರಬಂಧ ಬರೆಯಲೇಬೇಕು. ಅಲ್ಲೊಂದು ಸಂಶೋಧನಾ ಅಣುಸ್ಥಾವರವಿದೆ, ಅದನ್ನು ನಡೆಸುವವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ. ಇದೇ ರೀಡ್ ಕಾಲೇಜು 1995ರಲ್ಲಿ, ರ‍್ಯಾಂಕ್ ಪಟ್ಟಿ ಮಾಡುವ ಪತ್ರಿಕೆಗೆ ಮಾಹಿತಿ ಕೊಡುವುದನ್ನೇ ನಿಲ್ಲಿಸಿತು. ಅಂಥ ಪಟ್ಟಿಯಿಂದ ನಾನೀಗ ಹೇಳಿದ ಯಾವ ವ್ಯತ್ಯಾಸವೂ ನಿಮಗೆ ತಿಳಿಯುವುದಿಲ್ಲ.

ಕೇಳುಗರೇ, ತರಗತಿಯ ಮಾತು ಆಯಿತು. ಓದುವ ರೀತಿ ಕಾಲೇಜಿನಿಂದ ಕಾಲೇಜಿಗೆ ಬೇರೆ, ಅದು ಮಗುವಿನ ಸ್ವಭಾವಕ್ಕೆ ಒಪ್ಪಬೇಕು ಎಂದೆ. ಇನ್ನು ತರಗತಿಯ ಹೊರಗಿನ ಮಂಗಳವಾರ.

ಈ ಕಾಲೇಜುಗಳಲ್ಲಿ ಹಲವು ಸಣ್ಣ ಊರುಗಳಲ್ಲಿವೆ. ಮಕ್ಕಳು ಇರುವುದೂ ಉಣ್ಣುವುದೂ ಆವರಣದ ಒಳಗೇ. ಮಿನ್ನೆಸೋಟಾದಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುತ್ತದೆ. ಸಂಜೆ ಐದಕ್ಕೇ ಕತ್ತಲು. ಮಂಗಳೂರಿನ ಸೆಕೆಯಲ್ಲಿ ಬೆಳೆದ ಹುಡುಗನಿಗೆ ಇದು ಸಣ್ಣ ವಿಷಯವಲ್ಲ. ಆ ಮಿನ್ನೆಸೋಟಾದ ನಾರ್ತ್‌ಫೀಲ್ಡ್ ಎಂಬ ಊರಿನಲ್ಲಿ ಕಾರ್ಲ್‌ಟನ್ ಕಾಲೇಜಿದೆ. ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಅವರು ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ ಇಲ್ಲಿಗೂ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದು ಪಾಠ ಹೇಳಿದ್ದರು.

ಚಿಕ್ಕ ಜಾಗ ಇಕ್ಕಟ್ಟೆನಿಸುವ ಮಕ್ಕಳಿಗೆ ಒಂದು ದಾರಿಯಿದೆ. ಕೆಲವು ಕಾಲೇಜುಗಳು ಅಕ್ಕಪಕ್ಕದವರೊಡನೆ ಕೂಡಿಕೊಂಡಿವೆ. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್‌ನಲ್ಲಿ ಪದವಿಯ ಐದು ಕಾಲೇಜುಗಳು ಒಂದಕ್ಕೊಂದು ತಾಗಿಕೊಂಡಿವೆ. ಒಂದರಲ್ಲಿ ಸೇರಿ ಇನ್ನೊಂದರಲ್ಲಿ ಪಾಠ ಕೇಳಬಹುದು. ಅಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ಕಾಲೇಜುಗಳಿಂದ ಹತ್ತಿರದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಹೋಗಿ ಪಾಠ ಕೇಳಿ ಬರುತ್ತಾರೆ. ಇವುಗಳಲ್ಲಿ ಸ್ಮಿತ್ ಮತ್ತು ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜುಗಳು. ಮೌಂಟ್ ಹೋಲಿಯೋಕನ್ನು 1837ರಲ್ಲಿ ಮೇರಿ ಲಯನ್ ಎಂಬ ಶಿಕ್ಷಕಿ, ಊರೂರು ತಿರುಗಿ ಚಂದಾ ಎತ್ತಿ ಕಟ್ಟಿದರು.

ಸಂಗೀತ ಕಲಿಯುತ್ತಿರುವ ಮಕ್ಕಳ ಪೋಷಕರಿಗೆ ಒಂದು ಮಾತು. ಕನೆಕ್ಟಿಕಟ್‌ನ ವೆಸ್ಲಿಯನ್‌ನಲ್ಲಿ ಕರ್ನಾಟಕ ಸಂಗೀತದ ಪಾಠ ಹಲವು ದಶಕಗಳಿಂದ ನಡೆಯುತ್ತಿದೆ. ಕೊಳಲಿನ ಟಿ. ವಿಶ್ವನಾಥನ್, ಅವರ ಅಣ್ಣ ಮೃದಂಗದ ಟಿ. ರಂಗನಾಥನ್ ಅಲ್ಲಿ ಗುರುಗಳಾಗಿದ್ದರು. ಇಬ್ಬರೂ ನಾಟ್ಯದ ಬಾಲಸರಸ್ವತಿಯವರ ತಮ್ಮಂದಿರು. ಪಿಯುಸಿಗೆ ಬಂದಾಗ ಮಗುವಿನ ವೀಣೆ ಅಟ್ಟ ಸೇರಿತು ಎಂದು ಕೊರಗುವ ಮನೆಗಳಿಗೆ ಈ ಸುದ್ದಿ ತಲುಪಬೇಕು.

ಸರಿ. ತರಗತಿ ಹೇಗಿದೆ, ಊರು ಹೇಗಿದೆ, ಇವೆರಡನ್ನೂ ನೋಡಿದೆವು. ಆದರೆ ನೀವು ಹಾಸನದಲ್ಲಿ ಕೂತು ಅಯೋವಾದ ಮಂಗಳವಾರವನ್ನು ತಿಳಿಯುವುದು ಹೇಗೆ? ಹೋಗಿ ನೋಡಿ ಬರುವಷ್ಟು ಹಣ ಎಲ್ಲರಲ್ಲೂ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ.

ಕಾಲೇಜಿನ ವೇಳಾಪಟ್ಟಿ ನೋಡಿ. ಕೈಪಿಡಿಯಲ್ಲಿ ಒಂದು ವಿಭಾಗದ ಹೆಸರಿನಡಿ 40 ವಿಷಯ ಅಚ್ಚಾಗಿರಬಹುದು. ಆದರೆ ಈ ಸೆಮಿಸ್ಟರಿನಲ್ಲಿ ನಿಜವಾಗಿ ನಡೆಯುತ್ತಿರುವುದು ಎಂಟೇ ಇರಬಹುದು. ಚಿಕ್ಕ ಕಾಲೇಜಿನ ಒಂದು ವಿಭಾಗದಲ್ಲಿ ಮೂರು ನಾಲ್ಕು ಅಧ್ಯಾಪಕರಿರುವುದು ಸಾಮಾನ್ಯ. ಒಬ್ಬರು ಸಂಶೋಧನೆಗೆಂದು ವರ್ಷ ರಜೆ ಹೋದರೆ ಅವರ ಜೊತೆ ಅವರ ವಿಷಯವೂ ಹೋಗುತ್ತದೆ. ಅದಕ್ಕೇ ಹಿಂದಿನ ಎರಡು ವರ್ಷಗಳ ವೇಳಾಪಟ್ಟಿ ಹುಡುಕಿ. ಕಾಲೇಜಿನ ಜಾಲತಾಣದಲ್ಲಿ ಸಿಗದಿದ್ದರೆ ಪತ್ರ ಬರೆದು ಕೇಳಿ. ನಿಮ್ಮ ಮಗು ಆಸೆಪಟ್ಟ ವಿಷಯ ಆ ಎರಡು ವರ್ಷದಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ.

ಇನ್ನೊಂದು ದಾಖಲೆಯಿದೆ, ಹೆಸರು ಕಾಮನ್ ಡೇಟಾ ಸೆಟ್. ಹೆಸರು ಬರೆದುಕೊಳ್ಳಿ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಇದನ್ನು ಪ್ರಕಟಿಸುತ್ತವೆ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ತರಗತಿಗಳೆಷ್ಟು, ಐವತ್ತಕ್ಕಿಂತ ಹೆಚ್ಚಿರುವವು ಎಷ್ಟು, ಅದರಲ್ಲಿ ಇರುತ್ತದೆ. ಮೊದಲ ವರ್ಷ ಸೇರಿದ ನೂರರಲ್ಲಿ ಎಷ್ಟು ಮಕ್ಕಳು ಎರಡನೇ ವರ್ಷಕ್ಕೆ ವಾಪಸು ಬಂದರು ಎಂಬುದೂ ಇರುತ್ತದೆ. ಆ ಸಂಖ್ಯೆ 95ರ ಹತ್ತಿರ ಇದ್ದರೆ ನೆಮ್ಮದಿ. 75 ಎಂದಿದ್ದರೆ ನಾಲ್ವರಲ್ಲಿ ಒಬ್ಬರು ಬಿಟ್ಟು ಹೋಗಿದ್ದಾರೆ. ಯಾಕೆ ಎಂದು ಕೇಳಿ.

ಮೂರನೆಯದಾಗಿ, ಅಲ್ಲಿ ಈಗ ಓದುತ್ತಿರುವ ಒಬ್ಬರ ಜೊತೆ ನಿಮ್ಮ ಮಗು ಮಾತಾಡಲಿ. ಪ್ರವೇಶ ಕಚೇರಿಯವರಿಗೆ ಬರೆದರೆ ಅವರೇ ಪರಿಚಯ ಮಾಡಿಸುತ್ತಾರೆ. ದಯವಿಟ್ಟು ನೀವು ಪಕ್ಕದಲ್ಲಿ ಕೂರಬೇಡಿ. ಕಾಲೇಜು ಚೆನ್ನಾಗಿದೆಯಾ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವೇ ಬರುತ್ತದೆ. ಹೀಗೆ ಕೇಳಲಿ: ಕಳೆದ ಮಂಗಳವಾರ ಏನೇನು ಮಾಡಿದಿರಿ? ಅಧ್ಯಾಪಕರ ಕೋಣೆಗೆ ಕೊನೆಯ ಸಲ ಹೋದದ್ದು ಯಾವಾಗ, ಯಾತಕ್ಕೆ? ಭಾನುವಾರ ರಾತ್ರಿ ಊಟ ಯಾರ ಜೊತೆ? ಸಸ್ಯಾಹಾರಿಗಳಿಗೆ ದಿನಾ ಏನು ಸಿಗುತ್ತದೆ? ರಜೆಯಲ್ಲಿ ಎಲ್ಲರೂ ಮನೆಗೆ ಹೋದಾಗ ಹಾಸ್ಟೆಲು ತೆರೆದಿರುತ್ತದಾ? ಈ ಕೊನೆಯ ಪ್ರಶ್ನೆ ನಮ್ಮ ಮಕ್ಕಳಿಗೆ ಬಹಳ ಮುಖ್ಯ. ಡಿಸೆಂಬರಿನಲ್ಲಿ ಊರಿಗೆ ಬಂದು ಹೋಗಲು ಎಲ್ಲರಿಗೂ ಆಗುವುದಿಲ್ಲ.

ವೇಳಾಪಟ್ಟಿ, ದಾಖಲೆ, ವಿದ್ಯಾರ್ಥಿಯ ಜೊತೆ ಮಾತು. ಇವು ಮೂರೂ ಮನೆಯಲ್ಲೇ ಕೂತು ಆಗುವ ಕೆಲಸ. ಇನ್ನು ಹಣದ ಮಾತಿಗೆ ಬರೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆ ಎಷ್ಟುದ್ದ ಎಂಬುದೇ ಮೊದಲಿಗೆ ತಿಳಿಯುವುದಿಲ್ಲ.

ಹೆಸರಾದ ಖಾಸಗಿ ಕಾಲೇಜಿನಲ್ಲಿ ಫೀಸು, ವಸತಿ, ಊಟ ಎಲ್ಲ ಸೇರಿ 2024ರ ಹೊತ್ತಿಗೆ ವರ್ಷಕ್ಕೆ 80,000ದಿಂದ 90,000 ಡಾಲರ್ ಆಗುತ್ತಿತ್ತು. ನಮ್ಮ ಆಗಿನ ಲೆಕ್ಕದಲ್ಲಿ 70 ಲಕ್ಷ ರೂಪಾಯಿಯ ಆಸುಪಾಸು. ಕೇಳಿ ಎದೆ ಒಡೆದುಕೊಳ್ಳಬೇಡಿ. ಎಲ್ಲರೂ ಅಷ್ಟು ಕಟ್ಟುವುದಿಲ್ಲ. ಅಮ್ಹರ್ಸ್ಟ್, ಬೋಡನ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗೂ ಮನೆಯ ಆದಾಯ ನೋಡದೆ ಸೀಟು ತೀರ್ಮಾನಿಸುತ್ತವೆ. ಆಮೇಲೆ ಎಷ್ಟು ಕೊರತೆಯೋ ಅಷ್ಟನ್ನೂ ತುಂಬಿಕೊಡುತ್ತವೆ. ಆದರೆ ಅಂಥ ಕಡೆ ಅರ್ಜಿ ಹಾಕಿದ ಹತ್ತರಲ್ಲಿ ಒಬ್ಬರಿಗೂ ಸೀಟು ಸಿಗುವುದು ಕಷ್ಟ. ಉಳಿದ ಹೆಚ್ಚಿನ ಕಾಲೇಜುಗಳು ವಿದೇಶಿ ಅರ್ಜಿಯಲ್ಲಿ ನೀವು ಕೇಳಿದ ಸಹಾಯ ಎಷ್ಟು ಎಂಬುದನ್ನೂ ತೂಗಿ ನೋಡುತ್ತವೆ. ಅಷ್ಟೇನೂ ಹೆಸರಿಲ್ಲದ, ಆದರೆ ಒಳ್ಳೆಯ ಕಾಲೇಜುಗಳು ಅಂಕ ನೋಡಿ ವಿದ್ಯಾರ್ಥಿವೇತನ ಕೊಡುತ್ತವೆ. ನಮ್ಮ ಮಧ್ಯಮ ವರ್ಗದ ಮನೆಗಳು ಹೆಚ್ಚು ಹುಡುಕಬೇಕಾದದ್ದು ಇಂಥ ಕಡೆಯೇ.

ಆಗಲೇ ಹೇಳಿದ ಕಾಮನ್ ಡೇಟಾ ಸೆಟ್‌ನಲ್ಲಿ, ಎಷ್ಟು ವಿದೇಶಿ ವಿದ್ಯಾರ್ಥಿಗಳಿಗೆ ಸಹಾಯ ಸಿಕ್ಕಿತು, ಸರಾಸರಿ ಎಷ್ಟು ಎಂಬುದೂ ಇರುತ್ತದೆ. ಇನ್ನೆರಡು ಎಚ್ಚರ. ಮೊದಲು ಸೀಟು ಸಿಗಲಿ, ಆಮೇಲೆ ಸಹಾಯ ಕೇಳೋಣ ಎಂದುಕೊಳ್ಳಬೇಡಿ. ಸೇರುವಾಗ ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದಿನ ವರ್ಷಗಳಲ್ಲಿ ಹಲವು ಕಾಲೇಜುಗಳು ಕೊಡುವುದೇ ಇಲ್ಲ. ಇನ್ನೊಂದು, ನವೆಂಬರಿನಲ್ಲಿ ಅರ್ಲಿ ಡಿಸಿಷನ್ ಎಂಬ ಅರ್ಜಿ ಇರುತ್ತದೆ. ಸೀಟು ಕೊಟ್ಟರೆ ಸೇರಿಯೇ ಸೇರುತ್ತೇನೆ ಎಂದು ಬರೆದುಕೊಡುವ ಅರ್ಜಿ ಅದು. ಬೇರೆ ಕಾಲೇಜು ಎಷ್ಟು ಕೊಡುತ್ತದೆ ಎಂದು ಹೋಲಿಸಿ ನೋಡಬೇಕಾದ ಮನೆಯವರು ಅದಕ್ಕೆ ಕೈಹಾಕುವ ಮುಂಚೆ ಹತ್ತು ಸಲ ಯೋಚಿಸಿ.

ಹಣದ ವಿಚಾರ ಇಲ್ಲಿಗೆ ಬಿಡುತ್ತೇನೆ. ಈಗ ನಮ್ಮ ಪಿಯು ಕಾಲೇಜುಗಳ ಅಧ್ಯಾಪಕರ ಜೊತೆ ಒಂದೆರಡು ಮಾತು. ಅಮೆರಿಕದವರು ಒಂಬತ್ತನೇ ತರಗತಿಯಿಂದ ನಾಲ್ಕು ವರ್ಷದ ಅಂಕಗಳನ್ನು ಕೇಳುತ್ತಾರೆ. ನಮ್ಮಲ್ಲಿ ಎರಡು ವರ್ಷ ಹೈಸ್ಕೂಲಿನಲ್ಲಿ, ಎರಡು ವರ್ಷ ಪಿಯುನಲ್ಲಿ. ಮಕ್ಕಳು ಎರಡೂ ಕಡೆ ಓಡಾಡಬೇಕು. ಜೊತೆಗೆ ನಿಮ್ಮಿಂದ ಶಿಫಾರಸು ಪತ್ರ ಬೇಕು. ಈಕೆ ಪರಿಶ್ರಮಿ, ವಿಧೇಯಳು ಎಂದಷ್ಟೇ ಬರೆದರೆ ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಆಕೆ ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ ಬರೆಯಿರಿ. ಪ್ರಯೋಗ ಕೆಟ್ಟಾಗ ಏನು ಮಾಡಿದಳು ಎಂದು ಬರೆಯಿರಿ. ನಿಮ್ಮ ಒಂದು ಪುಟ ಆ ಮಗುವಿನ ನಾಲ್ಕು ವರ್ಷವನ್ನು ಬದಲಿಸಬಹುದು.

ಕೊನೆಯದಾಗಿ, ಬಹಳ ಜನ ಕೇಳುವುದನ್ನೇ ಮರೆಯುವ ಒಂದು ಪ್ರಶ್ನೆ. ನಾಲ್ಕು ವರ್ಷ ಆ ಕಾಲೇಜು ಬಾಗಿಲು ತೆರೆದಿರುತ್ತದೆಯೇ? ಅಮೆರಿಕದಲ್ಲಿ ಚಿಕ್ಕ ಕಾಲೇಜುಗಳು ಮುಚ್ಚುತ್ತಿವೆ. ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು 1868ರಿಂದ ಇದ್ದದ್ದು, 2024ರಲ್ಲಿ ಮುಚ್ಚಿತು. ಸೆಮಿಸ್ಟರ್ ಮುಗಿಯಲು ಕೆಲವೇ ವಾರ ಇದ್ದಾಗ ಮಕ್ಕಳಿಗೆ ತಿಳಿಸಿದರು. ಅದೇ ವರ್ಷ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಸದರ್ನ್ ಕಾಲೇಜೂ ಮುಚ್ಚಿತು. ವರ್ಜೀನಿಯಾದ ಸ್ವೀಟ್ ಬ್ರಯರ್ ಎಂಬ ಮಹಿಳಾ ಕಾಲೇಜು 2015ರಲ್ಲಿ ಮುಚ್ಚುವುದಾಗಿ ಪ್ರಕಟಿಸಿತ್ತು. ಹಳೆಯ ವಿದ್ಯಾರ್ಥಿನಿಯರು ಹಣ ಕೂಡಿಸಿ, ಕೋರ್ಟಿಗೂ ಹೋಗಿ ಅದನ್ನು ಉಳಿಸಿಕೊಂಡರು. ನೀವು ಆರಿಸುತ್ತಿರುವ ಕಾಲೇಜಿನಲ್ಲಿ ಐದು ವರ್ಷದಿಂದ ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಲೇ ಇದೆಯೇ ನೋಡಿ. ವಿಭಾಗಗಳನ್ನು ಒಂದೊಂದಾಗಿ ಕೈಬಿಡುತ್ತಿದ್ದಾರೆಯೇ ನೋಡಿ. ಕೈಬಿಡುತ್ತಿದ್ದರೆ, ಎಷ್ಟೇ ವಿದ್ಯಾರ್ಥಿವೇತನ ಕೊಟ್ಟರೂ ಎರಡು ಸಲ ಯೋಚಿಸಿ.

ಇಷ್ಟೆಲ್ಲ ನೋಡಿ ಆರೆಂಟು ಕಾಲೇಜುಗಳಿಗೆ ಅರ್ಜಿ ಹಾಕಿದರೆ ಸಾಕು. ಇಪ್ಪತ್ತು ಬೇಡ. ಇಪ್ಪತ್ತು ಕಾಲೇಜುಗಳನ್ನು ಯಾರೂ ಇಷ್ಟು ಹತ್ತಿರದಿಂದ ತಿಳಿಯಲಾರರು. ಉತ್ತರಗಳು ಬಹುಪಾಲು ಮಾರ್ಚ್ ಕೊನೆಯ ಹೊತ್ತಿಗೆ ಬರುತ್ತವೆ. ಒಪ್ಪಿಗೆ ತಿಳಿಸಲು ಸಾಮಾನ್ಯವಾಗಿ ಮೇ 1 ಕೊನೆಯ ದಿನ. ಒಂದು ಕಾಲೇಜನ್ನು ಒಪ್ಪಿಕೊಂಡ ದಿನವೇ, ಸೀಟು ಕೊಟ್ಟ ಉಳಿದ ಕಾಲೇಜುಗಳಿಗೂ ನಿಮ್ಮ ಮಗು ಎರಡು ಸಾಲು ಬರೆದು ತಿಳಿಸಲಿ. ಆ ಸೀಟಿಗೂ ಆ ವಿದ್ಯಾರ್ಥಿವೇತನಕ್ಕೂ ಕಾಯುವ ಪಟ್ಟಿಯಲ್ಲಿ ಯಾರೋ ಕಾಯುತ್ತಿರುತ್ತಾರೆ.